ಎಳೆಯ ಮಕ್ಕಳ ವಿಕಾಸ ತಪಾಸಣೆ

ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳಲ್ಲಿ ಚಲನೆ, ಬೆರಳಿನ ಹಿಡಿತ, ಮಾತು, ಗ್ರಹಿಕೆ, ಒಡನಾಟ ಇವೆಲ್ಲ ವಯಸ್ಸಿಗೆ ತಕ್ಕಂತೆ ಮೂಡುತ್ತಿವೆಯೇ ಎಂಬುದನ್ನು ಗೊತ್ತುಪಡಿಸಿದ ಪ್ರಶ್ನೆಗಳಿಂದ ಅಥವಾ ಚಟುವಟಿಕೆಗಳಿಂದ ಕೆಲವೇ ನಿಮಿಷಗಳಲ್ಲಿ ನೋಡುವ ವಿಧಾನ. ತೂಕ, ಎತ್ತರ, ತಲೆಯ ಸುತ್ತಳತೆಗಳು ಮಗುವಿನ ದೇಹ ಎಷ್ಟು ಬೆಳೆದಿದೆ ಎಂದು ಹೇಳುತ್ತವೆ. ವಿಕಾಸ ತಪಾಸಣೆ ಆ ದೇಹದಿಂದ ಮಗು ಏನೇನು ಮಾಡುತ್ತಿದೆ ಎಂದು ಕೇಳುತ್ತದೆ. ಇದು ರೋಗನಿರ್ಣಯವಲ್ಲ. ಮೇಲುನೋಟಕ್ಕೆ ಯಾವ ತೊಂದರೆಯೂ ಕಾಣದ ಮಕ್ಕಳಲ್ಲಿ ಯಾರನ್ನು ಕೂಲಂಕಷವಾಗಿ ಪರೀಕ್ಷಿಸಬೇಕು ಎಂದು ಬೇರ್ಪಡಿಸುವ ಜರಡಿ ಮಾತ್ರ. ಜರಡಿಯಲ್ಲಿ ಉಳಿದ ಮಗುವಿಗೆ ತೊಂದರೆ ಇದ್ದೇ ಇದೆ ಎಂದಾಗಲಿ, ಕೆಳಗಿಳಿದ ಮಗುವಿಗೆ ಏನೂ ಇಲ್ಲವೆಂದಾಗಲಿ ಅದರಿಂದ ಹೇಳಲು ಬರುವುದಿಲ್ಲ. ಈ ಮಿತಿಯನ್ನು ಮರೆತ ಕಡೆಯಲ್ಲೆಲ್ಲ ತಪಾಸಣೆ ಹೆತ್ತವರಿಗೆ ಇಲ್ಲದ ಭಯವನ್ನೋ ಇಲ್ಲದ ಧೈರ್ಯವನ್ನೋ ಕೊಟ್ಟಿದೆ.

ವೈದ್ಯರು ಈ ಕೆಲಸವನ್ನು ಮೂರು ಹಂತಗಳಲ್ಲಿ ನೋಡುತ್ತಾರೆ. ಮಗು ಲಸಿಕೆಗೋ ಜ್ವರಕ್ಕೋ ಬಂದಾಗಲೆಲ್ಲ ತಾಯಿಯನ್ನು ವಿಚಾರಿಸುತ್ತ, ಮಗುವನ್ನು ಗಮನಿಸುತ್ತ ಹೋಗುವುದು ನಿಗಾ. ಗೊತ್ತಾದ ವಯಸ್ಸಿನಲ್ಲಿ, ಗೊತ್ತಾದ ಸಾಧನದಿಂದ, ಎಲ್ಲ ಮಕ್ಕಳನ್ನೂ ನೋಡುವುದು ತಪಾಸಣೆ. ಅದರಲ್ಲಿ ಸುಳಿವು ಸಿಕ್ಕ ಮಗುವನ್ನು ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ವಾಕ್ ಮತ್ತು ಶ್ರವಣ ತಜ್ಞರು, ಫಿಸಿಯೋಥೆರಪಿಸ್ಟರು ಕೂಡಿ ಗಂಟೆಗಟ್ಟಲೆ ಪರೀಕ್ಷಿಸುವುದು ಮೌಲ್ಯಮಾಪನ.

ಮೈಲಿಗಲ್ಲುಗಳು

ಕತ್ತು ನಿಂತಿತು, ಬೋರಲು ಬಿತ್ತು, ತೆವಳಿತು, ಅಂಬೆಗಾಲಿಟ್ಟಿತು, ಹೊಸ್ತಿಲು ದಾಟಿತು ಎಂದು ಕನ್ನಡದ ಮನೆಗಳು ಮಗುವಿನ ಬೆಳವಣಿಗೆಯನ್ನು ಹಿಂದಿನಿಂದಲೂ ಗುರುತಿಸುತ್ತ ಬಂದಿವೆ. ಬೋರಲಾದ ದಿನ, ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ರೂಢಿ ಹಲವು ಮನೆಗಳಲ್ಲಿದೆ. ಆದರೆ ಈ ಪಟ್ಟಿಯಲ್ಲಿರುವುದೆಲ್ಲ ಕೈಕಾಲಿನ ಕೆಲಸ. ಮಗು ಹೆಸರು ಕರೆದರೆ ತಿರುಗುತ್ತದೆಯೇ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆಯೇ, ತಾಯಿ ನೋಡಿದ ಕಡೆ ತಾನೂ ನೋಡುತ್ತದೆಯೇ ಎಂಬುದಕ್ಕೆ ಯಾವ ಶಾಸ್ತ್ರವೂ ಇಲ್ಲ. ಹೊತ್ತಿಗೆ ಸರಿಯಾಗಿ ನಡೆದ ಮಗುವಿನ ಮಾತು ತಡವಾದಾಗ ಮನೆಯವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ. 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂಬ ಸಮಾಧಾನ ಸಿಗುತ್ತದೆ, ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ನಡೆಯುತ್ತದೆ, ಒಂದು ವರ್ಷ ಕಳೆದುಹೋಗುತ್ತದೆ. ಕಿವಿ ಕೇಳದ ಮಗುವಿಗೆ ಆ ಒಂದು ವರ್ಷದ ನಷ್ಟ ದೊಡ್ಡದು.

ಯಾವ ಮೈಲಿಗಲ್ಲಿಗೂ ಒಂದೇ ತಾರೀಖು ಇರುವುದಿಲ್ಲ, ಒಂದು ಹರವು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಅಭ್ಯಸಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ ಎಲ್ಲಿಯಾದರೂ ಆಗಬಹುದು. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಎಂಟು ತಿಂಗಳಿಗೇ ನಡೆದ ಮಗು ಜಾಣನಲ್ಲ, ಹದಿನಾರಕ್ಕೆ ನಡೆದದ್ದು ದಡ್ಡನಲ್ಲ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕೂ ಹೆಚ್ಚು ಮಕ್ಕಳು ಅಂಬೆಗಾಲಿಡದೆಯೇ ನಡೆಯಲು ಕಲಿತಿದ್ದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಗಳನ್ನು ಪರಿಷ್ಕರಿಸಿದಾಗ ಅಂಬೆಗಾಲನ್ನು ಕೈಬಿಟ್ಟಿತು. ಅರ್ಧದಷ್ಟು ಮಕ್ಕಳು ತಲುಪುವ ವಯಸ್ಸಿನ ಬದಲು ನೂರಕ್ಕೆ 75 ಮಕ್ಕಳು ತಲುಪಿರುವ ವಯಸ್ಸನ್ನು ಮಾನದಂಡವಾಗಿ ಇಟ್ಟುಕೊಂಡಿತು. 'ಇನ್ನೂ ಸ್ವಲ್ಪ ದಿನ ನೋಡೋಣ' ಎಂಬ ಮಾತಿಗೆ ಎಡೆ ಕಡಿಮೆ ಮಾಡುವುದು ಅದರ ಉದ್ದೇಶ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಲೆಕ್ಕ ಬೇರೆ. ಎಂಟು ವಾರ ಮುಂಚೆ ಹುಟ್ಟಿದ ಆರು ತಿಂಗಳ ಮಗುವನ್ನು ನಾಲ್ಕು ತಿಂಗಳಿನದೆಂದೇ ಎಣಿಸಬೇಕು. ಎರಡು ವರ್ಷ ತುಂಬುವವರೆಗೆ ಈ ತಿದ್ದಿದ ವಯಸ್ಸನ್ನು ಬಳಸುತ್ತಾರೆ.

ಹುಟ್ಟು ಮತ್ತು ಹರಡುವಿಕೆ

ಮಕ್ಕಳ ನಡವಳಿಕೆಯನ್ನು ವಯಸ್ಸಿನ ಪ್ರಕಾರ ಕ್ರಮಬದ್ಧವಾಗಿ ದಾಖಲಿಸಿದವರಲ್ಲಿ ಮೊದಲಿಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ (1880-1961). ಗುಮ್ಮಟದಾಕಾರದ ಕೋಣೆಯಲ್ಲಿ ಮಕ್ಕಳನ್ನು ಆಡಲು ಬಿಟ್ಟು ಚಲನಚಿತ್ರ ತೆಗೆದು, ಒಂದೊಂದು ಚೌಕಟ್ಟನ್ನೂ ಅಭ್ಯಸಿಸಿದವನು ಆತ. ನ್ಯಾನ್ಸಿ ಬೇಲಿ 1969ರಲ್ಲಿ ಪ್ರಕಟಿಸಿದ ಮಾಪಕಗಳು ಇಂದಿಗೂ ಪರಿಷ್ಕಾರಗೊಳ್ಳುತ್ತ ಬಳಕೆಯಲ್ಲಿವೆ. ಇವೆಲ್ಲ ತಜ್ಞರು ಮಾತ್ರ ಮಾಡಬಲ್ಲ ದೀರ್ಘ ಪರೀಕ್ಷೆಗಳು. ಸಾಮಾನ್ಯ ವೈದ್ಯರೂ ನರ್ಸುಗಳೂ ಬೇಗ ಮಾಡಬಹುದಾದದ್ದು ಬಂದದ್ದು 1967ರಲ್ಲಿ, ಕೊಲರಾಡೋದ ವಿಲಿಯಂ ಫ್ರಾಂಕೆನ್‌ಬರ್ಗ್ ಮತ್ತು ಜೊಸೈಯಾ ಡಾಡ್ಸ್ ರೂಪಿಸಿದ ಡೆನ್ವರ್ ಪರೀಕ್ಷೆಯಿಂದ. ಒಂದೇ ಹಾಳೆಯ ಮೇಲೆ ಒಂದೊಂದು ಕೌಶಲಕ್ಕೂ ಒಂದು ಪಟ್ಟಿ, ಮಗುವಿನ ವಯಸ್ಸಿಗೆ ನೇರವಾಗಿ ಒಂದು ಗೆರೆ. ಈ ಸರಳತೆಯಿಂದಲೇ ಅದು ಜಗತ್ತನ್ನು ಸುತ್ತಿತು. 1992ರಲ್ಲಿ ಬಂದ ಪರಿಷ್ಕೃತ ಡೆನ್ವರ್-2ರಲ್ಲಿ 125 ಅಂಶಗಳಿದ್ದವು. ಅದೇ ವರ್ಷದ ಒಂದು ಅಧ್ಯಯನ ಅದರ ದೋಷವನ್ನೂ ಎತ್ತಿ ತೋರಿಸಿತು: ತೊಂದರೆಯಿಲ್ಲದ ಮಕ್ಕಳಲ್ಲಿ ಅದು ಸರಿಯಾಗಿ 'ಇಲ್ಲ' ಎಂದದ್ದು ನೂರಕ್ಕೆ 43 ಮಂದಿಗೆ ಮಾತ್ರ.

ಭಾರತದಲ್ಲಿ ಪ್ರಮೀಳಾ ಫಾಟಕ್ ಬರೋಡದಲ್ಲಿ ನಮ್ಮ ಮಕ್ಕಳ ಮೇಲೆ ಬೇಲಿ ಮಾಪಕವನ್ನು ಪ್ರಯೋಗಿಸಿ ಇಲ್ಲಿನ ಸರಾಸರಿಗಳನ್ನು ಕಂಡುಕೊಂಡರು. 1997ರಲ್ಲಿ ಪರಿಷ್ಕೃತವಾದ ಅದರ ರೂಪ 'ಡಾಸಿ' ಎಂದು ಪ್ರಸಿದ್ಧ. ಚಲನೆಗೆ 67, ಬುದ್ಧಿಗೆ 163 ಅಂಶಗಳುಳ್ಳ ಇದು ಮೌಲ್ಯಮಾಪನದ ಸಾಧನ, ಅಂಗನವಾಡಿಯಲ್ಲಿ ಬಳಸುವಂಥದ್ದಲ್ಲ.

ಅಂಗನವಾಡಿಗೆ ತಕ್ಕದ್ದನ್ನು ಮಾಡಿದವರು ತಿರುವನಂತಪುರದ ಮಕ್ಕಳ ವಿಕಾಸ ಕೇಂದ್ರದ ಎಂ.ಕೆ.ಸಿ. ನಾಯರ್ ಮತ್ತು ಅವರ ಸಂಗಡಿಗರು. 1991ರಲ್ಲಿ ಪ್ರಕಟವಾದ ತಿರುವನಂತಪುರ ವಿಕಾಸ ತಪಾಸಣಾ ಪಟ್ಟಿಯಲ್ಲಿ, ಬರೋಡದ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಆರಿಸಿದ 17 ಅಂಶಗಳಿವೆ. ಎರಡು ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಮುಖ ನೋಡಿ ನಗುವುದರಿಂದ ಮೊದಲಾಗಿ, ಕತ್ತು ನಿಲ್ಲುವುದು, ಸದ್ದಿನ ಕಡೆ ತಿರುಗುವುದು, ಒಂದು ಕೈಯಿಂದ ಇನ್ನೊಂದು ಕೈಗೆ ಸಾಮಾನು ದಾಟಿಸುವುದು, ಚಿಕ್ಕ ಕಾಳನ್ನು ಬೆರಳಿನಲ್ಲಿ ಹೆಕ್ಕುವುದು, ಚಪ್ಪಾಳೆ ತಟ್ಟುವುದು, ಹಿಮ್ಮುಖವಾಗಿ ನಡೆಯುವುದು, ಗೊಂಬೆಯ ಕಣ್ಣು ಮೂಗು ತೋರಿಸುವುದರವರೆಗೆ ಅದು ಸಾಗುತ್ತದೆ. ಪ್ರತಿ ಅಂಶಕ್ಕೂ ಒಂದು ಅಡ್ಡಪಟ್ಟಿ. ಅದರ ಎಡತುದಿ ನೂರಕ್ಕೆ ಮೂರು ಮಕ್ಕಳು ಆ ಕೆಲಸ ಮಾಡುವ ವಯಸ್ಸು, ಬಲತುದಿ 97 ಮಕ್ಕಳು ಮಾಡುವ ವಯಸ್ಸು. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಡಬೇಕು. ಪೆನ್ಸಿಲಿನ ಎಡಕ್ಕೆ ಪೂರ್ತಿ ಮುಗಿದುಹೋದ ಪಟ್ಟಿಗಳಲ್ಲಿ ಒಂದನ್ನಾದರೂ ಮಗು ಮಾಡದಿದ್ದರೆ ಮುಂದಿನ ಪರೀಕ್ಷೆಗೆ ಕಳುಹಿಸಬೇಕು. ಐದು ನಿಮಿಷ ಸಾಕು. ಪೆಟ್ಟಿಗೆ ತುಂಬ ಆಟಿಕೆ ಬೇಕಿಲ್ಲ, ಪದವಿಯೂ ಬೇಕಿಲ್ಲ.

ಡೆನ್ವರ್ ಪರೀಕ್ಷೆಯೊಡನೆ ಹೋಲಿಸಿದಾಗ ಈ ಪಟ್ಟಿ ತೊಂದರೆಯಿರುವ ಮಕ್ಕಳಲ್ಲಿ ನೂರಕ್ಕೆ 66.7ರಷ್ಟನ್ನು ಹಿಡಿಯಿತು, ತೊಂದರೆಯಿಲ್ಲದವರಲ್ಲಿ 78.8ರಷ್ಟನ್ನು ಸರಿಯಾಗಿ ಬಿಟ್ಟಿತು. ಅಂದರೆ ಮೂರರಲ್ಲಿ ಒಂದು ಮಗು ಕೈತಪ್ಪುತ್ತದೆ. ಹದಿನೇಳರಲ್ಲಿ ಮಾತಿಗೆ ನೇರವಾಗಿ ಸಂಬಂಧಿಸಿದವು ಎರಡು ಪದ ಆಡುವುದು ಮತ್ತು ಗೊಂಬೆಯ ಅಂಗ ತೋರಿಸುವುದು, ಎರಡೇ. ಮಾತಿನ ತೊಡಕು ಸ್ಪಷ್ಟವಾಗಿ ಕಾಣುವುದು ಎರಡು ವರ್ಷದ ಆಚೀಚೆ. ಹಳೆಯ ಪಟ್ಟಿ ಮುಗಿಯುವುದೂ ಅಲ್ಲಿಗೇ. ಆರು ವರ್ಷದವರೆಗೆ ವಿಸ್ತರಿಸಿದ 51 ಅಂಶಗಳ ಪಟ್ಟಿಯನ್ನು ಅದೇ ಕೇಂದ್ರ ಮುಂದೆ ಹೊರತಂದಿತು. ಇಷ್ಟೆಲ್ಲ ಕೊರತೆ ಹೇಳಿದ ಮೇಲೂ, ಬಡ ದೇಶದ ಆರೋಗ್ಯ ವ್ಯವಸ್ಥೆಗೆ ಹೊಂದುವ ಸಾಧನ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಭಾರತದಲ್ಲಿ ಬಂದಿಲ್ಲವೆಂದೇ ಹೇಳಬೇಕು.

ಹೆತ್ತವರನ್ನು ಕೇಳುವ ಸಾಧನಗಳು

ಆಸ್ಪತ್ರೆಯ ಹತ್ತು ನಿಮಿಷದಲ್ಲಿ ಅಳುತ್ತಲೇ ಇರುವ ಮಗು ಮನೆಯಲ್ಲಿ ಮಾಡುವುದರ ಅರ್ಧವನ್ನೂ ತೋರಿಸುವುದಿಲ್ಲ. ದಿನವಿಡೀ ನೋಡುವವರನ್ನೇ ಕೇಳಿದರೆ ಹೇಗೆ ಎಂಬ ಯೋಚನೆಯಿಂದ ಪ್ರಶ್ನಾವಳಿಗಳು ಹುಟ್ಟಿದವು. ಆರೆಗಾನ್ ವಿಶ್ವವಿದ್ಯಾಲಯದ ಡಯೇನ್ ಬ್ರಿಕರ್ ಮತ್ತು ಜೇನ್ ಸ್ಕ್ವೈರ್ಸ್ ರೂಪಿಸಿದ 'ಏಜಸ್ ಅಂಡ್ ಸ್ಟೇಜಸ್' ಇವುಗಳಲ್ಲಿ ಹೆಚ್ಚು ಬಳಕೆಯದು. 2009ರ ಮೂರನೆಯ ಆವೃತ್ತಿಯಲ್ಲಿ ಒಂದು ತಿಂಗಳಿಂದ ಅರವತ್ತಾರು ತಿಂಗಳವರೆಗೆ 21 ಪ್ರಶ್ನಾವಳಿಗಳಿವೆ. ಒಂದೊಂದರಲ್ಲೂ 30 ಪ್ರಶ್ನೆ. ಹೌದು ಎಂದರೆ ಹತ್ತು ಅಂಕ, ಒಮ್ಮೊಮ್ಮೆ ಎಂದರೆ ಐದು, ಇನ್ನೂ ಇಲ್ಲ ಎಂದರೆ ಸೊನ್ನೆ. ಫ್ರಾನ್ಸಿಸ್ ಗ್ಲಾಸ್ಕೋ ರೂಪಿಸಿದ 'ಪೆಡ್ಸ್' ಇನ್ನೂ ಚಿಕ್ಕದು: ಮಗುವಿನ ಮಾತು, ಕೈಕೆಲಸ, ನಡವಳಿಕೆಯ ಬಗ್ಗೆ ನಿಮಗೇನಾದರೂ ಚಿಂತೆ ಇದೆಯೇ ಎಂದು ಹತ್ತು ಪ್ರಶ್ನೆಗಳಲ್ಲಿ ಕೇಳುತ್ತದೆ. ತಾಯಿಯ ಆತಂಕವನ್ನು ತಳ್ಳಿಹಾಕದೆ ಅದನ್ನೇ ಮಾಹಿತಿಯೆಂದು ಎಣಿಸಿದ್ದು ಇದರ ಹೆಚ್ಚುಗಾರಿಕೆ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಸುಲಭಕ್ಕೆ ಕಾಣದ ಗುಣ ಅದು.

ಪರದೇಶದ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದ ಮಾತ್ರಕ್ಕೆ ಸಾಧನ ನಮ್ಮದಾಗುವುದಿಲ್ಲ. ಡೆನ್ವರ್-2ರಲ್ಲಿ ಚಮಚ ಬಳಸುವುದು ಒಂದು ಅಂಶ, ಬಟ್ಟಲಿಗೆ ತಾನೇ ಸೀರಿಯಲ್ ಹಾಕಿಕೊಳ್ಳುವುದು ಇನ್ನೊಂದು. ಮೂರು ವರ್ಷವಾದರೂ ಅಜ್ಜಿಯ ಕೈತುತ್ತು ತಿನ್ನುವ ಮಗುವಿಗೆ ಅಲ್ಲಿ ಅಂಕ ಸಿಗದು, ತಪ್ಪು ಮಗುವಿನದಲ್ಲ. ಮೆಟ್ಟಿಲೇ ಇಲ್ಲದ ಹೆಂಚಿನ ಮನೆಯ ಮಗುವನ್ನು ಮೆಟ್ಟಿಲು ಹತ್ತುತ್ತದೆಯೇ ಎಂದು ಕೇಳಿದರೂ ಇದೇ ಫಲ. ಹಾಗೆಂದು ಪ್ರತಿ ನಾಡಿಗೂ ಬೇರೆ ಮೈಲಿಗಲ್ಲು ಬೇಕೆಂದೇನೂ ಇಲ್ಲ. ಟರ್ಕಿಯ ಇಲ್ಗಿ ಎರ್ತೆಮ್ ನೇತೃತ್ವದಲ್ಲಿ ಅರ್ಜೆಂಟೀನಾ, ಭಾರತ, ದಕ್ಷಿಣ ಆಫ್ರಿಕಾ, ಟರ್ಕಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಆರೋಗ್ಯವಂತ ಮಕ್ಕಳು 106 ಮೈಲಿಗಲ್ಲುಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ ತಲುಪುತ್ತಾರೆಂದು ಕಂಡುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯೂ ಮೂರು ವರ್ಷದೊಳಗಿನವರಿಗೆ ಎಲ್ಲೆಡೆ ಬಳಸಬಹುದಾದ ಮಾಪಕವೊಂದನ್ನು 2023ರಲ್ಲಿ ಹೊರತಂದಿದೆ. ಆದರೆ ಅದರ ಗುರಿ ಒಂದು ಜನಸಮುದಾಯದ ಮಕ್ಕಳು ಒಟ್ಟಾರೆ ಹೇಗಿದ್ದಾರೆಂದು ಅಳೆಯುವುದು, ಒಂದೊಂದು ಮಗುವನ್ನು ಜರಡಿ ಹಿಡಿಯುವುದಲ್ಲ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು ಅಥವಾ ಉರ್ದು, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್ ಕೇಳುವ ಬೆಂಗಳೂರಿನ ಮಗುವಿನ ಮಾತು ಅಳೆಯುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಬೇಕು. ಅಮೆರಿಕದಲ್ಲಿ ಇಂಗ್ಲಿಷ್ ಪ್ರಶ್ನಾವಳಿ ತುಂಬುವ ಕನ್ನಡ ಕುಟುಂಬಗಳಿಗೂ ಇದೇ ಮಾತು. ಎರಡು ಭಾಷೆ ಕೇಳುವುದರಿಂದ ಮಾತು ಕುಂಠಿತವಾಗುವುದಿಲ್ಲ. ಆ ಹೆದರಿಕೆಯಿಂದ ಮನೆಯ ಭಾಷೆಯನ್ನು ಬಿಡುವುದಕ್ಕೆ ಯಾವ ಆಧಾರವೂ ಇಲ್ಲ.

ಆಟಿಸಂ

ಸಾಮಾನ್ಯ ತಪಾಸಣೆಯಲ್ಲಿ ನುಣುಚಿಕೊಳ್ಳುವ ಆಟಿಸಂಗೆ ಬೇರೆಯೇ ಸಾಧನಗಳಿವೆ. ಬ್ರಿಟನ್ನಿನ ಸೈಮನ್ ಬ್ಯಾರನ್-ಕೋಹೆನ್ 1992ರಲ್ಲಿ 'ಚಾಟ್' ಪಟ್ಟಿಯನ್ನು ಪರಿಚಯಿಸಿದರು. ಅದನ್ನು ಬೆಳೆಸಿ ಡಯಾನಾ ರಾಬಿನ್ಸ್ ಮತ್ತು ಸಂಗಡಿಗರು 2001ರಲ್ಲಿ ರೂಪಿಸಿದ 'ಎಂ-ಚಾಟ್' ಇಂದು ಹಲವಾರು ಭಾಷೆಗಳಲ್ಲಿದೆ. ಈಗಿನ ಪರಿಷ್ಕೃತ ರೂಪದಲ್ಲಿ 16ರಿಂದ 30 ತಿಂಗಳ ಮಕ್ಕಳ ಹೆತ್ತವರಿಗೆ ಇಪ್ಪತ್ತು ಪ್ರಶ್ನೆ: ನೀವು ದೂರದ ವಸ್ತುವಿನ ಕಡೆ ಕೈ ಮಾಡಿದರೆ ಮಗು ಅತ್ತ ನೋಡುತ್ತದೆಯೇ, ತನಗೆ ಮೆಚ್ಚಿಕೆಯಾದುದನ್ನು ನಿಮಗೆ ತಂದು ತೋರಿಸುತ್ತದೆಯೇ ಎಂಬಂಥವು. ಮೂರರಿಂದ ಏಳು ಅಂಕ ಬಂದರೆ ಅದೇ ಪ್ರಶ್ನೆಗಳನ್ನು ಎದುರು ಕೂತು ಬಿಡಿಸಿ ಕೇಳಬೇಕು. ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ತಜ್ಞರ ಬಳಿಗೆ. ಎದುರು ಕೂತು ಕೇಳುವ ಈ ಎರಡನೆಯ ಸುತ್ತನ್ನು ಬಿಟ್ಟು, ಮೊಬೈಲಿನಲ್ಲಿ ಅಂಕ ನೋಡಿಕೊಂಡು ಕಂಗೆಡುವ ಪೋಷಕರು ಈಗ ಹೆಚ್ಚುತ್ತಿದ್ದಾರೆ.

ಸಂಶೋಧನೆಯಲ್ಲಿ ಚೆನ್ನಾಗಿ ಕಂಡ ಸಾಧನ ದಿನನಿತ್ಯದ ಚಿಕಿತ್ಸಾಲಯದಲ್ಲಿ ಹಾಗೆಯೇ ಕೆಲಸ ಮಾಡಬೇಕೆಂದಿಲ್ಲ. ಫಿಲಡೆಲ್ಫಿಯಾದಲ್ಲಿ ಸುಮಾರು 26 ಸಾವಿರ ಮಕ್ಕಳನ್ನು ಅನುಸರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಆಟಿಸಂ ಇದೆಯೆಂದು ತಿಳಿದ ಮಕ್ಕಳಲ್ಲಿ ಎಂ-ಚಾಟ್ ಹಿಡಿದದ್ದು ನೂರಕ್ಕೆ 39ರಷ್ಟನ್ನು ಮಾತ್ರ.

ತಪ್ಪುಗಳ ಲೆಕ್ಕ

ಈ ಅಂಕಿಗಳ ಅರ್ಥ ತಿಳಿಯಲು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ತಾಲ್ಲೂಕಿನ ಸಾವಿರ ಮಕ್ಕಳಲ್ಲಿ ನೂರು ಮಂದಿಗೆ ನಿಜವಾಗಿಯೂ ವಿಳಂಬವಿದೆ ಎಂದುಕೊಳ್ಳೋಣ. ವಿಳಂಬವಿರುವವರಲ್ಲಿ ನೂರಕ್ಕೆ 80 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ 80 ಮಂದಿಯನ್ನು ಸರಿಯಾಗಿ ಬಿಡುವ ಸಾಧನ ಈ ಕ್ಷೇತ್ರದಲ್ಲಿ ಒಳ್ಳೆಯದೆನಿಸಿಕೊಳ್ಳುತ್ತದೆ. ಅದು ಆ ನೂರರಲ್ಲಿ 80 ಮಕ್ಕಳನ್ನು ಹಿಡಿದು 20 ಮಂದಿಯನ್ನು ಬಿಡುತ್ತದೆ. ಉಳಿದ 900ರಲ್ಲಿ 180 ಮಂದಿಯನ್ನು ಸುಮ್ಮನೆ ಹಿಡಿಯುತ್ತದೆ. ಒಟ್ಟು 260 ಮನೆಗಳಿಗೆ ಮುಂದಿನ ಪರೀಕ್ಷೆಯ ಚೀಟಿ ಹೋಗುತ್ತದೆ. ನಿಜವಾಗಿ ಬೇಕಾದವರು ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆ. ನೂರಕ್ಕೆ ಇಬ್ಬರಲ್ಲಿ ಮಾತ್ರ ಇರುವ ತೊಂದರೆಗೆ ಇದೇ ಸಾಧನ ಬಳಸಿದರೆ 16 ನಿಜ ಸುಳಿವುಗಳಿಗೆ 196 ಸುಳ್ಳು ಸುಳಿವು. ತೊಂದರೆ ವಿರಳವಾದಷ್ಟೂ ಸುಳ್ಳು ಸುಳಿವು ಹೆಚ್ಚು. ಸಾಧನ ಎಷ್ಟೇ ಒಳ್ಳೆಯದಿದ್ದರೂ ಈ ಗಣಿತದಿಂದ ಪೂರ್ತಿ ತಪ್ಪಿಸಿಕೊಳ್ಳಲಾಗದು.

ಸುಳ್ಳು ಸುಳಿವೆಂದರೆ ವ್ಯರ್ಥ ಎಂದು ತೀರ್ಮಾನಿಸುವುದೂ ಅವಸರ. ಹೀಗೆ ಸುಮ್ಮನೆ ಸಿಕ್ಕಿಬಿದ್ದ ಮಕ್ಕಳು ಸಹ ಮಾತು, ಬುದ್ಧಿ, ಕಲಿಕೆಗಳಲ್ಲಿ ಉಳಿದವರಿಗಿಂತ ಹಿಂದಿರುತ್ತಾರೆ, ಅವರಿಗೂ ನೆರವು ಉಪಯುಕ್ತ ಎಂದು ಗ್ಲಾಸ್ಕೋ 2001ರಲ್ಲಿ ತೋರಿಸಿದರು. ಆದರೂ ವಾದ ಮುಗಿದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 9, 18, 30 ತಿಂಗಳಲ್ಲಿ ಎಲ್ಲ ಮಕ್ಕಳಿಗೂ ತಪಾಸಣೆ, 18 ಮತ್ತು 24 ತಿಂಗಳಲ್ಲಿ ಆಟಿಸಂ ತಪಾಸಣೆ ಆಗಬೇಕೆನ್ನುತ್ತದೆ. ಕೆನಡಾದ ಪರಿಣತರ ಕಾರ್ಯಪಡೆ 2016ರಲ್ಲಿ ಇದಕ್ಕೆ ವಿರುದ್ಧವಾಗಿ ಹೇಳಿತು: ಯಾರಿಗೂ ಅನುಮಾನವಿಲ್ಲದ ಮಕ್ಕಳನ್ನು ಸಾಧನ ಹಿಡಿದು ತಪಾಸಣೆ ಮಾಡುವುದರಿಂದ ಅವರ ಮುಂದಿನ ಬದುಕು ಸುಧಾರಿಸುತ್ತದೆಂಬ ಪುರಾವೆ ಸಾಲದು. ತಪಾಸಣೆಯಿಂದ ಹೆಚ್ಚು ಮಕ್ಕಳು ಬೇಗ ಪತ್ತೆಯಾಗುತ್ತಾರೆಂಬುದು ಮಾತ್ರ ಖಚಿತ. ಫಿಲಡೆಲ್ಫಿಯಾದಲ್ಲಿ 2,103 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಧನ ಬಳಸಿದ ಗುಂಪುಗಳಲ್ಲಿ ನೂರಕ್ಕೆ 23ರಿಂದ 27 ಮಕ್ಕಳಲ್ಲಿ ವಿಳಂಬ ಗುರುತಿಸಿದರೆ, ವೈದ್ಯರ ಅಂದಾಜಿಗೇ ಬಿಟ್ಟ ಗುಂಪಿನಲ್ಲಿ ಗುರುತಿಸಿದ್ದು 13 ಮಾತ್ರ.

ಕೆನಡಾದ ವಾದವನ್ನು ಭಾರತಕ್ಕೆ ಹಾಗೆಯೇ ತರುವುದು ಸರಿಯಲ್ಲ. ಅಲ್ಲಿ ಹೆಚ್ಚಿನ ಮಕ್ಕಳಿಗೆ ಗುರುತಿನ ವೈದ್ಯರಿರುತ್ತಾರೆ, ತಪಾಸಣೆ ಇಲ್ಲದಿದ್ದರೂ ನಿಗಾ ಇರುತ್ತದೆ. ನಮ್ಮಲ್ಲಿ ಬಹುಪಾಲು ಮಕ್ಕಳಿಗೆ ತಪಾಸಣೆ ಇಲ್ಲವೆಂದರೆ ಏನೂ ಇಲ್ಲವೆಂದೇ ಅರ್ಥ.

ಭಾರತ, ಕರ್ನಾಟಕ

ಪಲ್ವಲ್, ಕಾಂಗ್ರಾ, ಢೆಂಕಾನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಸಮೀಕ್ಷೆ, ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ನರವಿಕಾಸದ ತೊಂದರೆಗಳು ಸ್ಥಳದಿಂದ ಸ್ಥಳಕ್ಕೆ ನೂರಕ್ಕೆ 2.9ರಿಂದ 18.7ರವರೆಗೆ ಇವೆಯೆಂದು ಕಂಡುಕೊಂಡಿತು. ಮನೆಯಲ್ಲಾದ ಹೆರಿಗೆ, ಹುಟ್ಟಿದಾಗ ಅಳುವುದು ತಡವಾಗುವುದು, ಕಡಿಮೆ ತೂಕ, ನವಜಾತ ಶಿಶುವಿನ ಕಾಯಿಲೆ ಇವು ಅಪಾಯ ಹೆಚ್ಚಿಸಿದ್ದವು. ಅಂದರೆ ಬಹಳಷ್ಟನ್ನು ತಡೆಯಬಹುದಾಗಿತ್ತು.

ದೇಶವ್ಯಾಪಿ ತಪಾಸಣೆಗೆ ವ್ಯವಸ್ಥೆ ಬಂದದ್ದು 2013ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ. ಹುಟ್ಟಿನಿಂದ 18 ವರ್ಷದವರೆಗಿನವರಲ್ಲಿ ಜನ್ಮದೋಷ, ಕಾಯಿಲೆ, ಪೋಷಕಾಂಶದ ಕೊರತೆ, ವಿಕಾಸದ ವಿಳಂಬ ಈ ನಾಲ್ಕು ಬಗೆಯ ಸ್ಥಿತಿಗಳನ್ನು ಇದು ಹುಡುಕುತ್ತದೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅನುಮಾನ ಬಂದ ಮಕ್ಕಳನ್ನು ಡಿಇಐಸಿ ಎಂದು ಕರೆಯುವ ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಾರೆ. 2018ರ ಮನೆ ಆಧಾರಿತ ಶಿಶು ಆರೈಕೆ ಯೋಜನೆಯಲ್ಲಿ ಆಶಾ ಕಾರ್ಯಕರ್ತೆ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಹೋಗುತ್ತಾಳೆ. 2023ರ ನವೆಂಬರಿನಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿಯನ್ನೂ ಹೊರಡಿಸಿತು. ಪೌಷ್ಟಿಕ ಆಹಾರ, ತೂಕ, ಸಮೀಕ್ಷೆ, ಮೊಬೈಲ್ ಆ್ಯಪಿಗೆ ಮಾಹಿತಿ ತುಂಬುವುದು ಎಲ್ಲವನ್ನೂ ಹೊತ್ತ ಅಂಗನವಾಡಿ ಕಾರ್ಯಕರ್ತೆಯ ಮೇಲೆ ಇದೂ ಬಂದಿದೆ. ಗೌರವಧನದ ಕೆಲಸಕ್ಕೆ ಇಷ್ಟು ಜವಾಬ್ದಾರಿ ಹೊರಿಸುವಾಗ ತರಬೇತಿಯನ್ನಾದರೂ ಸರಿಯಾಗಿ ಕೊಡಬೇಕು.

ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಮೊದಲಾದದ್ದು 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯ ಜೊತೆಗೆ ಮಗು ಯಾವಾಗ ಏನು ಮಾಡಬೇಕೆಂಬ ಚಿತ್ರಗಳೂ ಇರುತ್ತವೆ, ಆ ಪುಟ ತೆರೆದು ವಿವರಿಸುವವರು ಅಪರೂಪ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡ ಮಕ್ಕಳ ಮಾತಿನ ಬೆಳವಣಿಗೆಯನ್ನು ಅಳೆಯುವ ಸಾಧನಗಳನ್ನು ರೂಪಿಸಿದೆ, ನವಜಾತ ಶಿಶುಗಳ ಶ್ರವಣ ತಪಾಸಣೆಯನ್ನು ಹಲವು ಆಸ್ಪತ್ರೆಗಳಿಗೆ ಒಯ್ದಿದೆ. ಕಿವಿಯ ವಿಷಯದಲ್ಲಿ ಜಗತ್ತು ಒಪ್ಪಿದ ಸೂತ್ರ ಸರಳ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ಬೇರೆ ನೆರವು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲಾ ಆಸ್ಪತ್ರೆಗಳಿಗೆ ಹೋಗಿ, ದಿನ ತುಂಬದೆ ಹುಟ್ಟಿದ ಮಕ್ಕಳ ಅಕ್ಷಿಪಟದ ಚಿತ್ರ ತೆಗೆದು ಕಳುಹಿಸುತ್ತಾರೆ. ಸಂವಹನದ ತೊಂದರೆಯಿರುವ ಎಳೆಯರಿಗಾಗಿ ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ ಕಟ್ಟಿದ 'ಕಮ್ಯುನಿಕೇಷನ್ ಡೀಲ್' ಕಾರ್ಯಕ್ರಮ ತನ್ನದೇ ವಿಕಾಸ ಪಟ್ಟಿಯನ್ನು ಬಳಸುತ್ತದೆ.

ಯಾವ ತಪಾಸಣೆಗೂ ಕಾಯದೆ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳಿವೆ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷಕ್ಕೂ ನಡೆಯದಿರುವುದು, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿರುವುದು. ವರ್ಷದೊಳಗೇ ಮಗು ಒಂದೇ ಕೈ ಬಳಸತೊಡಗಿದರೆ ಎಡಚ ಎಂದು ನಗಬಾರದು. ಇನ್ನೊಂದು ಕೈಯಲ್ಲಿ ಬಲವಿಲ್ಲದಿರಬಹುದು. ಬಂದ ಮಾತು ಅಥವಾ ಕಲಿತ ಕೆಲಸ ಯಾವ ವಯಸ್ಸಿನಲ್ಲಿ ಹೋದರೂ ಒಂದು ವಾರವೂ ತಡ ಮಾಡುವಂತಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಮು ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡುವುದನ್ನು ಸರ್ಕಾರದ ಹೊಣೆಯಾಗಿಸಿದೆ. ಆದರೆ ಕಾರ್ಯಕ್ರಮದ ಯಶಸ್ಸನ್ನು ಎಷ್ಟು ಮಕ್ಕಳ ತಪಾಸಣೆಯಾಯಿತು ಎಂಬ ಸಂಖ್ಯೆಯಿಂದ ಅಳೆದರೆ ಏನೂ ತಿಳಿಯುವುದಿಲ್ಲ. ಚೀಟಿ ಪಡೆದ ಮಗುವಿಗೆ ಎಷ್ಟು ವಾರದಲ್ಲಿ ಮೌಲ್ಯಮಾಪನವಾಯಿತು, ಎಷ್ಟು ಮಕ್ಕಳಿಗೆ ಚಿಕಿತ್ಸೆ ಆರಂಭವಾಯಿತು, ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬರಲಾಗದೆ ಎಷ್ಟು ತಾಯಂದಿರು ನಡುವೆಯೇ ನಿಲ್ಲಿಸಿದರು ಎಂಬುದನ್ನು ಜಿಲ್ಲಾವಾರು ಪ್ರಕಟಿಸಬೇಕು. ಚಿಕಿತ್ಸೆ ಕೊಡುವವರಿಲ್ಲದ ಜಿಲ್ಲೆಯಲ್ಲಿ ತಪಾಸಣೆಯನ್ನು ಮಾತ್ರ ಹೆಚ್ಚಿಸುತ್ತ ಹೋಗುವುದು ಹೆತ್ತವರಿಗೆ ಮಾಡುವ ಅನ್ಯಾಯ.